ರಸ್ತೆಯ ಆಚೆ ಬದಿಯಲ್ಲಿ ನಡೆದವರು

ಕೆಲಸ ಕೊಡಿಸಿದವರನ್ನು ನಮ್ಮ ಕಡೆ ಯಾರೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಣ್ಣು ಗಂಡು ಕೂಡಿಸಿದವನಿಗೆ ಮದುವೆ ಚಪ್ಪರದಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗುತ್ತದೆ. ಜಾಗ ತೋರಿಸಿಕೊಟ್ಟವನನ್ನು ಮನೆ ಒಕ್ಕಲಿನ ಊಟಕ್ಕೆ ಕರೆಯುತ್ತಾರೆ. ಕೆಲಸಕ್ಕೆ ಸೇರಿಸಿದವನಿಗೆ ಅಂಥದ್ದು ಯಾವುದೂ ಇಲ್ಲ. ಸೇರಿದವನು ಕುರ್ಚಿಯಲ್ಲಿ ಸರಿಯಾಗಿ ಕೂರುವುದರೊಳಗೆ, ಆ ಕುರ್ಚಿ ತನ್ನ ಯೋಗ್ಯತೆಗೇ ಸಿಕ್ಕಿದ್ದು ಎಂದು ಅವನಿಗೆ ಖಾತ್ರಿಯಾಗಿರುತ್ತದೆ. ಇದನ್ನು ನಾನು ಕೊಂಕಿಗೆ ಹೇಳುತ್ತಿಲ್ಲ, ಮನುಷ್ಯರ ಸ್ವಭಾವವೇ ಹಾಗೆ. ಆದರೆ ಈ ಸ್ವಭಾವವನ್ನು ಮೊದಲೇ ತಿಳಿದುಕೊಂಡು, ನೀವು ಮರೆಯುವ ಮೊದಲು ನಾನೇ ಮರೆತುಬಿಡುತ್ತೇನೆ ಎಂದು ಹೊರಟ ಒಬ್ಬರನ್ನು ನಾನು ಬಲ್ಲೆ. ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ.

ಹೆಸರು ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಬಂದರಿನ ಕಡೆಯ ವ್ಯಾಪಾರಸ್ಥ ಮುಸಲ್ಮಾನರ ಮನೆತನ ಅವರದು. ಅಣ್ಣತಮ್ಮಂದಿರೆಲ್ಲ ಒಣಮೀನು, ಹುರಿಹಗ್ಗ, ಮೆಣಸು ಎಂದು ಅಂಗಡಿ ಹಾಕಿಕೊಂಡು ಕೂತರೆ, ಇವರು ಮಾತ್ರ ಆಫೀಸುಗಳಿಗೆ ಜನ ಹುಡುಕಿ ಕೊಡುವ ಕಸುಬು ಹಿಡಿದರು. ಊರಿನವರ ಬಾಯಲ್ಲಿ ಅವರು ‘ಕೆಲಸದ ಬ್ಯಾರಿ’. ಎದುರಿಗೆ ಎಲ್ಲರೂ ‘ಬ್ಯಾರಿಗಳೇ’ ಎನ್ನುತ್ತಿದ್ದರು. ಬಿಳಿ ಮುಂಡು, ತೋಳು ಮಡಚದ ಅಂಗಿ, ತಲೆಗೆ ಟೊಪ್ಪಿ, ಕೈಯಲ್ಲಿ ಕೊಡೆ. ಎಲ್ಲಿಗೆ ಹೋದರೂ ಚಪ್ಪಲಿಯನ್ನು ಬಾಗಿಲ ಹೊರಗೆ ರಸ್ತೆಗೆ ಮುಖ ಮಾಡಿ ಬಿಡುತ್ತಿದ್ದರು. ಹೊರಡು ಎಂದು ಯಾರೂ ಹೇಳುವ ಮೊದಲು ಹೊರಡಲು ಅನುಕೂಲವಾಗಲಿ ಎಂದು ಇರಬೇಕು.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು ಅದು. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಗಳು, ಕಾಫಿ ಬೀಜ ಹದಮಾಡುವ ವರ್ಕ್ಸುಗಳು, ಗೇರುಬೀಜದ ಕಾರ್ಖಾನೆಗಳು, ಬಂದರಿನಲ್ಲಿ ಹಡಗಿನ ಏಜೆಂಟರ ಆಫೀಸುಗಳು. ಎಲ್ಲ ಕಡೆಗೂ ಗುಮಾಸ್ತರು, ಟೈಪಿಸ್ಟರು, ಉಗ್ರಾಣ ನೋಡಿಕೊಳ್ಳುವವರು ಬೇಕು. ಪೇಪರಿನಲ್ಲಿ ಹಾಕಿದರೆ ಅರ್ಜಿಗಳು ರಾಶಿ ಬೀಳುತ್ತವೆ. ಆ ರಾಶಿಯಲ್ಲಿ ಕೈಹಾಕಲು ಮ್ಯಾನೇಜರರಿಗೆ ಪುರುಸೊತ್ತು ಎಲ್ಲಿಯದು? ಬ್ಯಾರಿಗಳಿಗೆ ಹೇಳಿ ಕಳಿಸಿದರೆ ಒಬ್ಬನೇ ಒಬ್ಬ ಬರುತ್ತಿದ್ದ, ಅವನೇ ಉಳಿಯುತ್ತಿದ್ದ. ಕಂಪೆನಿಯವರು ಅವರಿಗೆ ಏನು ಕೊಡುತ್ತಿದ್ದರೋ ನನಗೆ ಗೊತ್ತಿಲ್ಲ. ಕೆಲಸ ಕೇಳಿ ಬಂದವರ ಮನೆಯಲ್ಲಿ ಮಾತ್ರ ಒಂದು ಲೋಟ ನೀರಲ್ಲದೆ ಬೇರೇನೂ ಮುಟ್ಟುತ್ತಿರಲಿಲ್ಲ.

ಅವರ ಕಸುಬಿನ ಗುಟ್ಟು ಇಷ್ಟೇ. ಕೆಲಸ ಖಾಲಿ ಬಿದ್ದಾಗ ಅವರು ಯಾವ ಆಫೀಸಿಗೂ ಹೋಗುತ್ತಿರಲಿಲ್ಲ, ಏನೂ ಖಾಲಿ ಇಲ್ಲದಾಗ ಹೋಗುತ್ತಿದ್ದರು. ಹೋಗಿ ಬೆಂಚಿನಲ್ಲಿ ಕೂರುವುದು. ಮ್ಯಾನೇಜರು ಜವಾನನನ್ನು ಹೇಗೆ ಕರೆಯುತ್ತಾನೆ, ಚಾ ತಡವಾದರೆ ಏನೆನ್ನುತ್ತಾನೆ, ತಪ್ಪಾದ ಕಾಗದವನ್ನು ಕೈಗೆ ಕೊಡುತ್ತಾನೋ ಮೇಜಿನ ಮೇಲೆ ಎಸೆಯುತ್ತಾನೋ, ಎಲ್ಲ ನೋಡುವುದು. “ಮ್ಯಾನೇಜರರಿಗೆ ಎಂತ ಜನ ಬೇಕು ಅಂತ ಅವರ ಹತ್ರ ಕೇಳಿದ್ರೆ ಆಗುದಿಲ್ಲ, ಅವರಿಗೇ ಗೊತ್ತಿರುದಿಲ್ಲ” ಎನ್ನುತ್ತಿದ್ದರು. ಒಮ್ಮೆ ಅತ್ತಾವರದ ಒಂದು ಆಸ್ಪತ್ರೆಗೆ ಗುಮಾಸ್ತ ಬೇಕಾಗುವ ಅಂದಾಜಿನಲ್ಲಿ ದಿನಾ ಹೋಗಿ ರೋಗಿಗಳ ಬೆಂಚಿನಲ್ಲಿ ಕೂತರಂತೆ. ಅಲ್ಲಿಯವರು ಇವರನ್ನೂ ರೋಗಿಯೆಂದು ತಿಳಿದು ಬಾಟಲಿಯಲ್ಲಿ ಮಿಕ್ಸ್‌ಚರ್ ತುಂಬಿಸಿ ಕೊಟ್ಟರು. ಇವರು ಅದನ್ನೂ ಕುಡಿದರು. ಆಮೇಲೆ, “ಕಹಿ ಅಂದ್ರೆ ಕಹಿ. ಆದ್ರೆ ಅಲ್ಲಿಗೆ ಅಳುವವರನ್ನು ಕಂಡು ಕೈಕಾಲು ಬಿಡದ ಜನ ಬೇಕು ಅಂತ ಗೊತ್ತಾಯ್ತು” ಎಂದರಂತೆ. ಅವರು ಕಳಿಸಿದ ಗುಮಾಸ್ತ ಅಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡ.

ನನ್ನನ್ನು ನೋಡಲು ಅವರು ಬೆಂಗ್ರೆಗೆ ಬಂದಿದ್ದರು. ನಾವು ತಲೆತಲಾಂತರದಿಂದ ಕಡಲಿಗೆ ಹೋಗುವ ಜನ. ಬಂದರಿನಿಂದ ದೋಣಿ ಹತ್ತಿ ಹೊಳೆ ದಾಟಿದರೆ ನಮ್ಮ ಮನೆ. ನಾನು ಮೆಟ್ರಿಕ್ ಮುಗಿಸಿ, ಟೈಪಿಂಗ್ ಲೋವರ್ ಪಾಸು ಮಾಡಿ, ಬಲೆಗೂ ಸಲ್ಲದೆ ಆಫೀಸಿಗೂ ಸಲ್ಲದೆ ಅಂಗಳದಲ್ಲಿ ನೊಣ ಓಡಿಸುತ್ತ ಕೂತಿದ್ದೆ. ಯಾರೋ ನನ್ನ ವಿಷಯ ಅವರ ಕಿವಿಗೆ ಹಾಕಿದ್ದರು. ಅವರು ಬಂದ ಹೊತ್ತಿಗೆ ಮೀನು ಬಂದು ಮನೆಯಲ್ಲಿ ಗದ್ದಲ. ಅಪ್ಪ, ಚಿಕ್ಕಪ್ಪಂದಿರು, ಅಮ್ಮ ಎಲ್ಲ ಏಕಕಾಲದಲ್ಲಿ ಬೊಬ್ಬೆ ಹಾಕುತ್ತಿದ್ದರು. ಕಡಲಿನ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಬೊಬ್ಬೆ ಹಾಕಲೇಬೇಕು, ದಡಕ್ಕೆ ಬಂದ ಮೇಲೂ ಆ ಗಂಟಲು ಇಳಿಯುವುದಿಲ್ಲ. ನನಗೆ ನಾಚಿಕೆಯಾಗಿ ಒಳಗೆ ಹೋಗಿ ಸ್ವಲ್ಪ ಮೆಲ್ಲಗೆ ಎಂದು ಹೇಳಿ ಬಂದೆ. ಬ್ಯಾರಿಗಳು ಜಗಲಿಯಲ್ಲಿ ಕೊಡೆ ಮಡಿಲಲ್ಲಿಟ್ಟು, ಹಾಡು ಕೇಳುವವರ ಹಾಗೆ ಕೂತಿದ್ದರು.

“ಯಾವಾಗಲೂ ಹೀಗೇಯಾ?” ಎಂದು ಕೇಳಿದರು.

“ಹೌದು.”

“ನಿಮ್ಮ ತಂದೆಯವರು ಸಿಟ್ಟಿನಲ್ಲಿ ಇದ್ದಾರಾ ಈಗ?”

“ಇಲ್ಲ. ಇವತ್ತು ಖುಷಿಯಲ್ಲಿದ್ದಾರೆ. ಒಳ್ಳೆ ಬಂಗುಡೆ ಸಿಕ್ಕಿದೆ.”

ಅವರು ನಕ್ಕರು. ಸರ್ಟಿಫಿಕೇಟು ತರಲು ಎದ್ದವನನ್ನು ಕೈ ಹಿಡಿದು ಕೂರಿಸಿದರು. ನನ್ನ ಮಟ್ಟಿಗೆ ಇಂಟರ್‌ವ್ಯೂ ಎಂದರೆ ಅಷ್ಟೇ.

ನಮ್ಮವರ ಜೊತೆ ತುಳು, ಪೇಟೆಯಲ್ಲಿ ಕೊಂಕಣಿ, ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಅವರು ಕೆಲಸದ ಮಾತು ಬಂದರೆ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದರು. ಕನ್ನಡಕ್ಕೆ ಬಂದರೆಂದರೆ ವಿಷಯ ಗಟ್ಟಿಯಾಯಿತು ಎಂದೇ ಅರ್ಥ. ಅವರನ್ನು ಬಿಟ್ಟುಬರಲು ದೋಣಿಯಲ್ಲಿ ಜೊತೆಗೆ ಹೋದಾಗ, ಈ ಕಸುಬಿಗೆ ಹೇಗೆ ಬಂದಿರಿ ಎಂದು ಕೇಳಿದೆ. ಹೊಳೆಯ ಕಡೆ ನೋಡುತ್ತ ಹೇಳಿದರು. “ನಾನೂ ಪ್ರಾಯದಲ್ಲಿ ಕೆಲಸ ಕೇಳ್ಲಿಕ್ಕೆ ಬಂದರಿನ ಒಂದು ಆಫೀಸಿಗೆ ಹೋದವ. ನಾಳೆ ಬನ್ನಿ, ನಾಳೆ ಬನ್ನಿ ಅಂತ ಬೆಂಚಿನಲ್ಲಿ ಕೂರಿಸಿದ್ರು. ಒಂದು ದಿನ ಹೆಡ್‌ಕ್ಲಾರ್ಕು ಹೊರಗೆ ಬಂದು, ಮಲಯಾಳ ಬರೀಲಿಕ್ಕೆ ಗೊತ್ತಿರುವವ ಯಾರಾದ್ರೂ ಇದ್ದಾನಾ ಅಂತ ಕೇಳಿದ್ರು. ನನ್ನ ಪರಿಚಯದವ ಒಬ್ಬ ಇದ್ದ. ಓಡಿ ಹೋಗಿ ಕರ್ಕೊಂಡು ಬಂದೆ. ಅವ ಒಳಗೆ ಹೋದ. ನಾನು ಪುನಃ ಬೆಂಚಿನಲ್ಲಿ ಕೂತೆ. ಕೂತು ಕೂತು ನನಗೆ ಬೆಂಚೇ ಕೆಲಸ ಆಯ್ತು.” ಆ ಪರಿಚಯದವ ಆಮೇಲೆ ಎದುರಿಗೆ ಸಿಕ್ಕಿದರೆ ಏನೋ ಮರೆತವನ ಹಾಗೆ ಬೇರೆ ಕಡೆ ನೋಡುತ್ತಿದ್ದನಂತೆ. ಅದನ್ನು ಅವರು ದೂರಿನ ದನಿಯಲ್ಲೇನೂ ಹೇಳಲಿಲ್ಲ.

ಅವರು ನನ್ನನ್ನು ಸೇರಿಸಿದ್ದು ಹೊಯ್ಗೆಬಜಾರಿನ ಕಡೆಯ ಒಂದು ಹಂಚಿನ ಕಾರ್ಖಾನೆಗೆ. ಅಲ್ಲಿಯ ಮ್ಯಾನೇಜರು ಕ್ರಿಸ್ತುವರು. ನಮ್ಮ ಕಡೆಯ ಮರ್ಯಾದೆಯಂತೆ ಎಲ್ಲರೂ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದರು. ಪೊರ್ಬುಗಳ ಗಂಟಲಿಗೆ ಹೆದರಿ ಆ ಆಫೀಸಿನಲ್ಲಿ ಟೈಪಿಸ್ಟರು ನಿಲ್ಲುತ್ತಲೇ ಇರಲಿಲ್ಲ. ಒಬ್ಬನಂತೂ ಮಧ್ಯಾಹ್ನ ಊಟಕ್ಕೆ ಹೋದವನು ಕೊಡೆಯನ್ನೂ ಬಿಟ್ಟು ಓಡಿಹೋಗಿದ್ದ. ಸೇರಿದ ದಿನ ಒಂದು ತಪ್ಪು ಟೈಪು ಮಾಡಿದೆ. ಪೊರ್ಬುಗಳು ಕಿರುಚಿದ ರಭಸಕ್ಕೆ ಹಂಚಿನ ಮಾಡಿನ ಮೇಲಿದ್ದ ಪಾರಿವಾಳ ಹಾರಿತು. ನನಗೆ ಮಾತ್ರ ಮನೆಗೆ ಬಂದ ಹಾಗಾಯಿತು. “ಆಯ್ತು, ಈಗ ಸರಿ ಮಾಡ್ತೇನೆ” ಎಂದು ಕಾಗದ ತೆಗೆದುಕೊಂಡು ಬಂದೆ. ಅವರು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಬ್ಯಾರಿಗಳು ಜಗಲಿಯಲ್ಲಿ ಕೂತು ಕೇಳಿದ್ದು ಎಂತ ಎನ್ನುವುದು ನನಗೆ ಅವತ್ತು ಗೊತ್ತಾಯಿತು.

ಸೇರುವ ಮೊದಲಿನ ಸಂಜೆಯ ಮಾತೊಂದಿದೆ. ಹಂಪನಕಟ್ಟೆಯಲ್ಲಿ ನನ್ನನ್ನು ನಿಲ್ಲಿಸಿ, ಎಲ್ಲಿಗೆ ಎಷ್ಟು ಹೊತ್ತಿಗೆ ಹೋಗಬೇಕು ಎಲ್ಲ ತಿಳಿಸಿದ ಮೇಲೆ, ಕನ್ನಡದಲ್ಲಿ ಹೇಳಿದರು.

“ಇನ್ನೊಂದು ವಿಷಯ. ನಾಳೆಯಿಂದ ನನ್ನನ್ನು ಕಂಡ್ರೆ ಮಾತಾಡ್ಬೇಡಿ. ನಾನು ಎದುರು ಬಂದ್ರೆ ಆಚೆ ಬದಿಯಲ್ಲಿ ಹೋಗಿ. ನೀವು ಹೋಗದಿದ್ರೆ ನಾನು ಹೋಗ್ತೇನೆ.”

“ಎಂತಕ್ಕೆ ಬ್ಯಾರಿಗಳೇ? ನಾನು ಎಂತ ಮಾಡಿದೆ?”

“ನೀವು ಎಂತದೂ ಮಾಡ್ಲಿಲ್ಲ. ನಿಮ್ಮನ್ನು ನನ್ನೊಟ್ಟಿಗೆ ನೋಡಿದ್ರೆ ಆಫೀಸಿನವರು, ಓ ಇವ ಬ್ಯಾರಿ ಸೇರಿಸಿದ ಜನ ಅಂತಾರೆ. ಹಾಗೆ ಒಂದು ಹೆಸರು ಬಿದ್ರೆ ನೀವು ರಿಟೈರ್ ಆಗುವವರೆಗೆ ಹೊಸಬರೇ. ಮತ್ತೆ ಪೊರ್ಬುಗಳಿಗೂ, ಆಫೀಸಿನ ವಿಷಯ ಹೊರಗೆ ಹೋಗ್ತದೋ ಎಂತದೋ ಅಂತ ಸಂಶಯ ಬರ್ತದೆ. ಸಂಶಯ ಬಂದ ಜಾಗಕ್ಕೆ ನಾನು ಎರಡನೇ ಜನ ಕಳಿಸ್ಲಿಕ್ಕೆ ಆಗ್ತದಾ?”

ಇದು ನನಗೊಬ್ಬನಿಗೆ ಹೇಳಿದ ಮಾತಲ್ಲ, ಅವರು ಸೇರಿಸಿದ ಪ್ರತಿಯೊಬ್ಬರಿಗೂ ಹೇಳುವ ಮಾತು ಎನ್ನುವುದು ಆಮೇಲೆ ತಿಳಿಯಿತು. ಅವರು ಅದಕ್ಕೆ ಒಂದು ದಿನವೂ ತಪ್ಪಲಿಲ್ಲ. ಮೊದಲ ತಿಂಗಳ ಖುಷಿಯಲ್ಲಿ ನಾನು ಹಂಪನಕಟ್ಟೆಯಲ್ಲಿ ಅವರನ್ನು ಕಂಡು ಹತ್ತಿರ ಓಡಿದೆ. ಅವರು ತಟ್ಟನೆ ತಿರುಗಿ ಒಂದು ಕೊಡೆ ಅಂಗಡಿಯ ಮುಂದೆ ನಿಂತು ಕೊಡೆಗಳನ್ನು ನೋಡತೊಡಗಿದರು. ಕೈಯಲ್ಲಿ ಅವರದೇ ಕೊಡೆ ಇತ್ತು. ನಾನು ಹಿಂದೆ ನಿಂತಷ್ಟು ಹೊತ್ತೂ ತಿರುಗಲಿಲ್ಲ. ಎಂಥ ಸೊಕ್ಕಿನ ಮನುಷ್ಯ ಎಂದು ಸಿಟ್ಟು ಬಂತು. ಊರಿನಲ್ಲಿ ಅವರ ಕೈಯಿಂದ ಅನ್ನಕ್ಕೆ ಹತ್ತಿದವರು ಬೀದಿ ಬೀದಿಯಲ್ಲಿ ಇದ್ದರು. ಆ ಬೀದಿಗಳಲ್ಲೆಲ್ಲ ಅವರು ಯಾರ ಮುಖವನ್ನೂ ನೋಡದೆ ನಡೆಯಬೇಕಿತ್ತು. ಇದು ಹೊಳೆದ ದಿನ ನನ್ನ ಸಿಟ್ಟು ಹೋಯಿತು, ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕಷ್ಟದ್ದು.

ಅವರು ತಲೆ ಎತ್ತಿ ಮಾತಾಡುತ್ತಿದ್ದದ್ದು ಮ್ಯಾನೇಜರರ ಹತ್ತಿರ ಮಾತ್ರ. ಅದರಲ್ಲೂ ನಮ್ಮ ಪೊರ್ಬುಗಳ ಹತ್ತಿರ. ಪ್ರತಿ ಶನಿವಾರ ಹನ್ನೊಂದು ಗಂಟೆಯ ಸುಮಾರಿಗೆ ಬರುವರು. ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿದರೆ ನಾನು ಟೈಪು ನಿಲ್ಲಿಸುತ್ತಿದ್ದೆ. ನನ್ನ ಮೇಜಿನ ಪಕ್ಕದಲ್ಲೇ ಒಳಗೆ ಹೋಗುವ ದಾರಿ. ವರ್ಷಗಟ್ಟಲೆ ಆ ಮೇಜನ್ನು ದಾಟಿ ಹೋದರು, ಮೇಜಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎನ್ನುವುದು ಅವರಿಗೆ ಕಾಣಲಿಲ್ಲ. ಒಳಗೆ ಎರಡು ಚಾ ಹೋಗುತ್ತಿತ್ತು, ಜೊತೆಗೆ ಗೋಳಿಬಜೆ. ನನಗೂ ಪೊರ್ಬುಗಳಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಪೊರ್ಬುಗಳು ಬ್ಯಾರಿಗಳು ಬಂದ ಕೂಡಲೇ ದನಿ ಇಳಿಸುತ್ತಿದ್ದರು. ಅವರಿಗೆ ಅಂಥ ಒಂದು ದನಿ ಉಂಟೆಂದು ಅವರ ಹೆಂಡತಿಗಾದರೂ ಗೊತ್ತಿತ್ತೋ ಇಲ್ಲವೋ. ಕೆಲಸದ ಮಾತು ಎರಡು ನಿಮಿಷ. ಉಳಿದದ್ದು ಹೊಳೆಯ ನೀರು, ಆವೆಮಣ್ಣು, ಪೊರ್ಬುಗಳ ಮೊಣಗಂಟು. ಎಷ್ಟೋ ಸಲ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ರಂಜಾನಿನ ತಿಂಗಳಲ್ಲೂ ಶನಿವಾರ ತಪ್ಪುತ್ತಿರಲಿಲ್ಲ, ಆವಾಗ ಪೊರ್ಬುಗಳೂ ಚಾ ತರಿಸುತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ಪೊರ್ಬುಗಳು ಮನೆಯಿಂದ ಕುಸ್ವಾರಿನ ತಿಂಡಿ ಕಟ್ಟಿಸಿ ತರುತ್ತಿದ್ದರು. ಬ್ಯಾರಿಗಳು ಅಲ್ಲಿಯೇ ಒಂದೆರಡು ತಿಂದು ಉಳಿದದ್ದನ್ನು ಹಿಂದಕ್ಕೆ ತಳ್ಳುತ್ತಿದ್ದರು.

“ಮನೆಗೆ ತಗೊಂಡು ಹೋಗಿ ಮಾರಾಯ್ರೆ.”

“ಮನೆಯಲ್ಲಿ ಯಾರುಂಟು ಪೊರ್ಬುಗಳೇ? ಇಲ್ಲೇ ತಿಂದ್ರೆ ಇಬ್ಬರು ತಿಂದ ಹಾಗೆ ಆಗ್ತದೆ.”

ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಈ ಮಾತು ಹಲಗೆಯ ಆಚೆಯಿಂದ ಕೇಳಿದಾಗ ನನಗೆ ಎದ್ದು ಒಳಗೆ ಹೋಗಬೇಕೆನಿಸಿತು. ಹೋಗಿ ಎಂತ ಹೇಳುವುದು? ಟೈಪಿನ ಮೇಲೆ ಕೈಯಿಟ್ಟು ಕೂತೆ.

ಹೀಗೆ ನಾನು ಟೈಪಿಸ್ಟನಿಂದ ಗುಮಾಸ್ತನಾಗಿ, ಹೆಡ್‌ಕ್ಲಾರ್ಕನಾಗಿ, ಕೂದಲು ತೆಳ್ಳಗಾಗುವ ಹೊತ್ತಿಗೆ ಪೊರ್ಬುಗಳಿಗೆ ನಿವೃತ್ತಿಯ ಕಾಲ ಬಂತು. ಕಾರ್ಖಾನೆಯ ಧಣಿಗಳು, ನಿಮ್ಮ ಜಾಗಕ್ಕೆ ಜನ ನೀವೇ ನೋಡಿ ಎಂದರು. ಪೊರ್ಬುಗಳು ಅದನ್ನು ಬ್ಯಾರಿಗಳಿಗೆ ಹೇಳಿದರು. ಹಲಗೆ ಗೋಡೆಯ ಈಚೆ ಕೂತಿದ್ದ ನನಗೆ ಕೇಳಿದ್ದು ಆ ಇಳಿದ ದನಿಯೇ. “ಈ ಕುರ್ಚಿಗೆ ಒಬ್ಬರನ್ನು ನೋಡಿ. ಗಡಿಬಿಡಿ ಇಲ್ಲ.”

ಬ್ಯಾರಿಗಳ ಗಿರಾಕಿಗಳಲ್ಲಿ ನಮ್ಮ ಕಾರ್ಖಾನೆಯೇ ದೊಡ್ಡದು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜು ಬಂದು, ಬ್ಯಾಂಕುಗಳು ಪರೀಕ್ಷೆ ಇಟ್ಟು ಜನ ತೆಗೆದುಕೊಳ್ಳಲು ಶುರುಮಾಡಿ, ಅವರು ಹೋಗಿ ಕೂರುವ ಬೆಂಚುಗಳು ಒಂದೊಂದಾಗಿ ಇಲ್ಲವಾಗುತ್ತಿದ್ದವು. ಆ ಕುರ್ಚಿಗೆ ಹೊರಗಿನ ಹೊಸಬರು ಯಾರಾದರೂ ಬಂದರೆ, ಹೆಸರು ಧಣಿಗಳಿಗೆ ಹೋಗುವುದು ಪೊರ್ಬುಗಳ ಬಾಯಿಂದಾದ್ದರಿಂದ ಅವರು ಬ್ಯಾರಿ ಸೇರಿಸಿದ ಜನ ಎನಿಸುತ್ತಿರಲಿಲ್ಲ, ಮೊದಲಿನಿಂದ ಬೆಂಚಿನಲ್ಲಿ ಕೂತು ಪರಿಚಯ ಬೆಳೆಸಬಹುದಿತ್ತು. ಮದರಾಸಿನ ಕಡೆಯ ಒಬ್ಬರು, ಬ್ಯಾರಿಗಳಿದ್ದರೆ ನನಗೆ ಜನ ಹುಡುಕುವ ತಲೆಬಿಸಿಯೇ ಇಲ್ಲ ಎಂದು ಅವರನ್ನು ಹೊಗಳುತ್ತಾ ಆ ಜಾಗಕ್ಕೆ ಓಡಾಡುತ್ತಿದ್ದದ್ದೂ ನಮಗೆಲ್ಲ ಗೊತ್ತಿತ್ತು. ಅವರನ್ನು ಸೂಚಿಸಿದ್ದರೆ ಬ್ಯಾರಿಗಳ ಶನಿವಾರ ಸಾಯುವವರೆಗೆ ಗಟ್ಟಿ.

ಕೆಲವು ಶನಿವಾರ ಬ್ಯಾರಿಗಳು ಆ ಮಾತೇ ತೆಗೆಯಲಿಲ್ಲ. ಮತ್ತೊಂದು ಶನಿವಾರ ಚಾ ಕುಡಿದು ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಅವರ ಕನ್ನಡ.

“ಪೊರ್ಬುಗಳೇ, ಜನ ಹೊರಗೆ ಹುಡುಕುದು ಬೇಡ. ಇಲ್ಲೇ ಉಂಟು. ಈ ಹಲಗೆಯ ಆಚೆ.”

ಹಲಗೆಯ ಆಚೆ ಇದ್ದವನು ನಾನೊಬ್ಬನೇ. ಪೊರ್ಬುಗಳು ಬ್ಯಾರಿಗಳ ಮೇಲೆ ದನಿ ಏರಿಸಿದರು. ಅವರು ಹಾಗೆ ಮಾಡಿದ್ದು ನಾನು ಕಂಡಂತೆ ಅದೊಂದೇ ಸಲ.

“ನಿಮಗೆ ತಲೆ ಸರಿ ಉಂಟಾ ಮಾರಾಯ್ರೆ? ಅವ ನೀವು ಸೇರಿಸಿದ ಜನ. ಅವ ಇಲ್ಲಿ ಕೂತ್ರೆ ನೀವು ಬರುದು ಹೇಗೆ?”

“ಬರುದಿಲ್ಲ.”

“ಬರುದಿಲ್ಲ ಅಂದ್ರೆ?”

“ಹಂಚಿಗೆ ಮಣ್ಣು ಯಾವುದು, ಗೂಡಿನ ಬೆಂಕಿ ಎಷ್ಟು ಅಂತ ಅವರಿಗೆ ಗೊತ್ತುಂಟು. ಕೆಲಸದವರ ಹತ್ರ ಜೋರು ಮಾಡ್ತಾರೆ, ಮನಸ್ಸಿನಲ್ಲಿ ಇಟ್ಟುಕೊಳ್ಳುದಿಲ್ಲ. ಇದಕ್ಕಿಂತ ಒಳ್ಳೆ ಜನ ನನಗೆ ಸಿಕ್ಕಿದ್ರೆ ಅವರನ್ನೇ ಹೇಳ್ತಿದ್ದೆ. ಸಿಕ್ಕಲಿಲ್ಲ. ನೋಡಿದೆ ನಾನು, ತುಂಬ ನೋಡಿದೆ.”

ಬೇರೆ ಯಾರಾದರೂ ಸಿಕ್ಕಲಿ ಎಂದು ಅವರು ನಿಜವಾಗಿಯೂ ಆಸೆಪಟ್ಟಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹೊರಗೆ ಬಂದು ನನ್ನ ಮೇಜು ದಾಟಿ ಹೋದರು. ಅವತ್ತೂ ನನ್ನನ್ನು ನೋಡಲಿಲ್ಲ.

ನಾನು ಆ ಕುರ್ಚಿಯಲ್ಲಿ ಕೂತೆ. ಮೊದಲ ಶನಿವಾರ ಕ್ಯಾಂಟೀನಿನವನು ಹಳೆ ರೂಢಿಯಲ್ಲಿ ಎರಡು ಚಾ ತಂದಿಟ್ಟ. ನಾನು ಒಂದನ್ನು ಹಿಂದೆ ಕಳಿಸಲಿಲ್ಲ. ಅದು ಅಲ್ಲಿಯೇ ಆರಿ ಕೆನೆಗಟ್ಟಿತು. ಜವಾನನ ಹತ್ತಿರ ಹೇಳಿ ಕಳಿಸಿದೆ, ಬ್ಯಾರಿಗಳು ಬರಬೇಕಂತೆ ಎಂದು. ಜವಾನ ತಂದ ಜವಾಬು: ಜನ ಬೇಕಿದ್ದರೆ ಹೇಳಿ ಕಳಿಸಲಿ, ಕಳಿಸುತ್ತೇನೆ, ನಾನು ಬರುವುದಿಲ್ಲ.

ನಾನು ಹಟ ಬಿಡಲಿಲ್ಲ. ಬಂದರಿನ ಹತ್ತಿರದ ಕಂದಕ ಎನ್ನುವ ಕೇರಿಯಲ್ಲಿ ಅವರ ಕೋಣೆ ಹುಡುಕಿಕೊಂಡು ಹೋದೆ. ಒಣಮೀನಿನ ಗೋದಾಮಿನ ಹಿಂಬದಿಯಲ್ಲಿ ಒಂದು ಮಂಚ, ಒಂದು ಪೆಟ್ಟಿಗೆ, ಗೋಡೆಗೆ ತಾಗಿಸಿ ಒಂದು ಬೆಂಚು. ಸ್ವಂತ ಕೋಣೆಯಲ್ಲೂ ಅವರು ಕುರ್ಚಿ ಇಟ್ಟುಕೊಂಡಿರಲಿಲ್ಲ. ಬಾಗಿಲಲ್ಲಿ ನಿಂತೇ ಮಾತಾಡಿಸಿದರು, ಒಳಗೆ ಬನ್ನಿ ಎನ್ನಲಿಲ್ಲ.

“ನೀವು ಇಲ್ಲಿಗೆ ಬರಬಾರದಿತ್ತು.”

“ನಾನೇ ಮ್ಯಾನೇಜರ್ ಅಲ್ವಾ ಬ್ಯಾರಿಗಳೇ? ಇನ್ನು ಯಾರಿಗೆ ಸಂಶಯ ಬರಬೇಕು?”

“ನಿಮ್ಮ ಕೈ ಕೆಳಗೆ ಇರುವವರಿಗೆ. ನಾನು ಸೇರಿಸಿದ ಮ್ಯಾನೇಜರು, ನಾನು ಸೇರಿಸಿದ ಗುಮಾಸ್ತರು ಅಂದ್ರೆ ಅದು ಕಾರ್ಖಾನೆ ಆಗುದಿಲ್ಲ, ನನ್ನ ಮನೆ ಆಗ್ತದೆ. ಧಣಿಗಳು ಎಷ್ಟು ದಿನ ಸಹಿಸ್ತಾರೆ? ನಿಮ್ಮ ಕುರ್ಚಿಗೆ ಕುತ್ತು ಬರ್ತದೆ.”

ನನ್ನ ಮನೆ ಆಗ್ತದೆ ಎನ್ನುವಾಗ ಅವರು ಗೋದಾಮಿನ ಕಡೆ ನೋಡಿದರು. ಬಯ್ಗುಳ ನನ್ನ ನಾಲಿಗೆ ತುದಿಗೆ ಬಂತು. ನಿಮ್ಮ ನಿಯಮಕ್ಕೆ ಬೆಂಕಿ ಬೀಳಲಿ, ಒಂದು ಚಾ ಕುಡಿಯಲಿಕ್ಕೆ ಎಂತ ಇಷ್ಟು ಲೆಕ್ಕಾಚಾರ ಎಂದು. ಅದನ್ನು ನುಂಗಿಕೊಂಡು ತಿರುಗಿದೆ. ಹೊರಡುವಾಗ ಅವರೇ ಹಿಂದಿನಿಂದ ಕರೆದು ಕೇಳಿದರು.

“ಪೊರ್ಬುಗಳು ಹೇಗಿದ್ದಾರೆ?”

“ಹೋಗಿ ನೋಡಿ. ಬಜಪೆಯಲ್ಲಿ ಮನೆ. ಬಸ್ಸುಂಟು.”

“ಹೋಗಿ ಎಂತ ಹೇಳುದು?” ಎಂದರು.

ಏನೂ ಖಾಲಿ ಇಲ್ಲದ ಆಫೀಸಿಗೆ ಹೋಗಿ ಸುಮ್ಮನೆ ಕೂರುವುದನ್ನು ಅವರಷ್ಟು ಚೆನ್ನಾಗಿ ಮಂಗಳೂರಿನಲ್ಲಿ ಯಾರೂ ಬಲ್ಲವರಿರಲಿಲ್ಲ. ಅಂಥವರಿಗೆ ಸ್ನೇಹಿತನ ಮನೆಗೆ ಹಾಗೇ ಹೋಗಿ ಕೂರುವುದು ಗೊತ್ತಿರಲಿಲ್ಲ. ಅತ್ತ ಬಜಪೆಗೆ ನಾನು ಹೋದಾಗಲೆಲ್ಲ ಪೊರ್ಬುಗಳು ಗೇಟಿನಲ್ಲಿಯೇ ಕೇಳುತ್ತಿದ್ದರು.

“ಬ್ಯಾರಿ ಬರುದಿಲ್ವಾ? ಎಂತ ದಾಡಿ ಅವರಿಗೆ? ಕುರ್ಚಿ ಹೋದ ಕೂಡ್ಲೆ ಮನುಷ್ಯ ಬೇಡವಾ?” ಪಕ್ಕದ ಮನೆಯವರು ಕಿಟಕಿಯಿಂದ ಇಣುಕುವಷ್ಟು ಜೋರು ದನಿ.

“ನೀವೇ ಒಮ್ಮೆ ಹೋಗಿ ಬನ್ನಿ ಪೊರ್ಬುಗಳೇ.”

“ನಾನು ಎಂತಕ್ಕೆ ಹೋಗುದು? ಬರುದು ಅವರ ಕೆಲಸ” ಎಂದು ಹಟದಿಂದ ಕೂರುತ್ತಿದ್ದರು. ಇಷ್ಟು ವರ್ಷವೂ ಬಂದವರು ಬ್ಯಾರಿಗಳು, ಕೂತವರು ಪೊರ್ಬುಗಳು. ಅದನ್ನು ತಿರುಗಿಸಿ ಹಾಕಲು ಇಬ್ಬರಿಗೂ ಗೊತ್ತಾಗಲಿಲ್ಲ. ಇಬ್ಬರ ನಡುವೆ ನಾನೊಬ್ಬ ಓಡಾಡಿ ಆ ಶನಿವಾರವನ್ನು ಪುನಃ ಕಟ್ಟಲು ನೋಡಿ ಸೋತೆ.

ಆಮೇಲೆ ಬ್ಯಾರಿಗಳು ಜನ ಕಳಿಸುವುದೂ ಕಡಿಮೆಯಾಯಿತು. ರಸ್ತೆಯಲ್ಲಿ ಕಾಣುತ್ತಿದ್ದರು, ಯಾವಾಗಲೂ ಆಚೆ ಬದಿಯಲ್ಲಿ. ನಡಿಗೆ ಸಣ್ಣದಾಗಿತ್ತು, ಕೊಡೆ ಊರುಗೋಲಾಗಿತ್ತು. ನಾನು ಈಚೆ ಬದಿಯಲ್ಲಿ ನಿಂತು ಅವರು ತಿರುವು ದಾಟುವವರೆಗೆ ನೋಡುತ್ತಿದ್ದೆ. ಅಷ್ಟಕ್ಕೆ ಅವರ ನಿಯಮದಲ್ಲಿ ಅಡ್ಡಿಯಿರಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಬಂದರಿನಿಂದ ಬಂದ ಲಾರಿಯವನು ತಂದ. ನಾನು ಬಜಪೆಗೆ ಒಂದು ಟ್ಯಾಕ್ಸಿ ಕಳಿಸಿ, ನೇರ ಕಂದಕಕ್ಕೆ ಹೋದೆ. ಹೋದವನು ಹಳೆ ಅಭ್ಯಾಸದಿಂದ ಗೋದಾಮಿನ ಎದುರು, ರಸ್ತೆಯ ಈಚೆ ಬದಿಯಲ್ಲಿ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆ. ನಿಂತ ಮೇಲೆ ಅಕ್ಕಪಕ್ಕ ಕಣ್ಣು ಹೋಯಿತು. ಆ ಮಾಡಿನ ಕೆಳಗೆ, ಅದರಾಚೆಯ ಅಂಗಡಿಯ ಕೆಳಗೆ, ವಿದ್ಯುತ್ ಕಂಬದ ಹತ್ತಿರ, ಆಫೀಸಿನ ಉಡುಪಿನ ಗಂಡಸರು ಒಬ್ಬೊಬ್ಬರೇ ನಿಂತಿದ್ದರು. ಒಬ್ಬ ಬೋರ್ಡು ಓದುತ್ತಿದ್ದ, ಇನ್ನೊಬ್ಬ ವಾಚು ನೋಡುತ್ತಿದ್ದ. ಅತ್ತಾವರದ ಆ ಆಸ್ಪತ್ರೆಯ ಗುಮಾಸ್ತ ಇದ್ದ. ಹಡಗು ಏಜೆಂಟರ ಆಫೀಸಿನ ಕ್ಯಾಷಿಯರು ಇದ್ದ, ವಾರಕ್ಕೊಮ್ಮೆ ನನ್ನ ಹತ್ತಿರ ಕೆಲಸದ ಮೇಲೆ ಬರುವವನು. ಅವನೂ ಬ್ಯಾರಿಗಳು ಸೇರಿಸಿದ ಜನ ಎನ್ನುವುದು ನನಗೆ ಗೊತ್ತಿರಲಿಲ್ಲ. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಎಲ್ಲರೂ ಅವರು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು.

ಅವರನ್ನು ಮಲಗಿಸಿದ ಸಂದೂಕ ಹೊರಗೆ ಬಂತು. ಜೊತೆಗಿದ್ದದ್ದು ಅಣ್ಣನ ಮಗ, ಪಳ್ಳಿಯ, ಅಂದರೆ ಮಸೀದಿಯ ಉಸ್ತಾದರು, ಗೋದಾಮಿನ ಹಮಾಲಿಗಳು ಕೆಲವರು. ಬಂದರಿನ ಕಡೆ ಸಂದೂಕಕ್ಕೆ ದಾರಿಯಲ್ಲಿ ಹೋಗುವವರೂ ಹೆಗಲು ಕೊಡುವುದು ರೂಢಿ. ನಾಲ್ಕು ಹೆಜ್ಜೆ ಹೊತ್ತು ಮುಂದಿನವರಿಗೆ ಬಿಟ್ಟುಕೊಡುತ್ತಾರೆ, ಹಾಗಾಗಿ ಪಳ್ಳಿ ದೂರವಾದರೂ ಯಾರಿಗೂ ಭಾರವಾಗುವುದಿಲ್ಲ. ಅವತ್ತು ಬಿಸಿಲಿನ ಹೊತ್ತು, ದಾರಿಯಲ್ಲಿ ಜನವಿರಲಿಲ್ಲ. ಅಣ್ಣನ ಮಗ ಹಿಂದೆ ಮುಂದೆ ನೋಡುತ್ತಿದ್ದ. ಇಷ್ಟೇ ಜನದಲ್ಲಿ ಪಳ್ಳಿ ಮುಟ್ಟುವುದು ಹೇಗೆ ಎಂದು ಅವನಿಗೆ ಚಿಂತೆ.

ಅಷ್ಟರಲ್ಲಿ ಟ್ಯಾಕ್ಸಿ ಬಂದು ನಿಂತಿತು. ಪೊರ್ಬುಗಳು ಕಷ್ಟಪಟ್ಟು ಇಳಿದು, ಹೆಗಲು ಕೊಡುವ ತ್ರಾಣವಿಲ್ಲದೆ ಸಂದೂಕದ ಮರಕ್ಕೆ ಒಂದು ಕೈಯಿಟ್ಟು ಪಕ್ಕದಲ್ಲಿ ನಡೆಯತೊಡಗಿದರು. ಅಷ್ಟು ಟೊಪ್ಪಿಗಳ ನಡುವೆ ಅವರೊಬ್ಬರದು ಬರಿತಲೆ.

ನಾನು ರಸ್ತೆ ದಾಟಿದೆ.

ಪೊರ್ಬುಗಳು ನನ್ನನ್ನು ನೋಡಿದರು. ಬೊಬ್ಬೆ ಹಾಕುತ್ತಾರೆ ಎಂದುಕೊಂಡೆ. ಅವರು ಮಾತಾಡಿದ್ದು ಹಲಗೆಯ ಆಚೆಯಿಂದ ನಾನು ಕೇಳುತ್ತಿದ್ದ ಆ ಇಳಿದ ದನಿಯಲ್ಲಿ.

“ಇವರ ಮನೆ ಇಲ್ಲಿ ಅಂತ ನನಗೆ ಇವತ್ತು ಗೊತ್ತಾದದ್ದು ಮಾರಾಯ.”

ನಾನು ಹಮಾಲಿಯೊಬ್ಬನ ಜಾಗಕ್ಕೆ ಹೋಗಿ ಹೆಗಲು ಕೊಟ್ಟೆ. ಅವರು ನನಗೆ ಅಷ್ಟು ಹತ್ತಿರವಾಗಿದ್ದದ್ದು ಬೆಂಗ್ರೆಯ ದೋಣಿಯಲ್ಲಿ ಕೂತ ದಿನದ ನಂತರ ಇದೇ ಮೊದಲು. ಕೆಲವು ಹೆಜ್ಜೆ ಹೋಗುವುದರಲ್ಲಿ ಹಿಂದಿನಿಂದ ಯಾರದೋ ಬೂಟಿನ ಸದ್ದು ಹತ್ತಿರ ಬಂತು. ಆಸ್ಪತ್ರೆಯ ಗುಮಾಸ್ತ ನನ್ನ ಹೆಗಲಿನ ಪಕ್ಕಕ್ಕೆ ತನ್ನ ಹೆಗಲು ತಂದ. ನಾನು ಬಿಟ್ಟುಕೊಟ್ಟು, ನನ್ನ ಸರದಿ ಮತ್ತೆ ಬರಲೆಂದು ಸಾಲಿನ ಕೊನೆಗೆ ಹೋಗಿ ನಿಂತೆ. ಕ್ಯಾಷಿಯರು ಬಂದ. ಬೋರ್ಡು ಓದುತ್ತಿದ್ದವನು ಬಂದ. ನನಗೆ ಗುರುತಿಲ್ಲದವರು ಇಬ್ಬಿಬ್ಬರಾಗಿ ಬಂದರು. ಹೆಗಲು ಬದಲಾಗುತ್ತಲೇ ಹೋಯಿತು. ಪಳ್ಳಿಯ ಬಾಗಿಲು ಮುಟ್ಟಿದರೂ ನನ್ನ ಎರಡನೇ ಸರದಿ ಬರಲೇ ಇಲ್ಲ.